ಟೆದರ್ ಮಾಡಿದ ಕ್ಯಾಮೆರಾ ಹತ್ತು ಹದಿನೈದು ಶಾಟ್ ಆದ್ಮೇಲೆ ಮಾಯ ಆಗ್ತಿದೆ, ಯಾರಾದ್ರೂ ದಾರಿ ತೋರ್ಸಿ

ಬೆಳಕುಗಳ್ಳ:

ಎಲ್ರಿಗೂ ನಮಸ್ಕಾರ. ಮೂರು ದಿನದಿಂದ ತಲೆ ಕೆಟ್ಟು ಹೋಗಿದೆ, ಅದಕ್ಕೇ ಇಲ್ಲಿ ಕೇಳ್ತಿದೀನಿ. ನಾನು ಪ್ರಾಡಕ್ಟ್ ಶೂಟ್ ಮಾಡ್ತೀನಿ, ಜಾಸ್ತಿ ಗಾಜಿನ ಬಾಟ್ಲಿ, ವಾಚು, ಈ ಥರದ್ದು. ಇಷ್ಟು ದಿನ ಕಾರ್ಡಿಗೆ ಹೊಡ್ಕೊಂಡು ಆಮೇಲೆ ಕಂಪ್ಯೂಟರಲ್ಲಿ ನೋಡ್ತಿದ್ದೆ, ಆದ್ರೆ ಗಾಜಿನ ಅಂಚಲ್ಲಿ ಸಾಫ್ಟ್‌ಬಾಕ್ಸ್ ಲೈಟಿನ ರಿಫ್ಲೆಕ್ಷನ್ ಕೂದಲೆಳೆಯಷ್ಟು ಜರುಗಿದ್ರೂ ಕ್ಯಾಮೆರಾ ಹಿಂದಿನ ಸಣ್ಣ ಸ್ಕ್ರೀನಲ್ಲಿ ಗೊತ್ತೇ ಆಗಲ್ಲ, ಲೈಟೆಲ್ಲಾ ಬಿಚ್ಚಿಟ್ಟ ಮೇಲೆ ಗೊತ್ತಾಗಿ ಮತ್ತೆ ಮೊದಲಿಂದ ಸೆಟಪ್ ಮಾಡೋ ಕರ್ಮ, ಹಾಗಾಗಿ ಟೆದರಿಂಗ್, ಅಂದ್ರೆ ಕ್ಯಾಮೆರಾನ ಕೇಬಲ್ಲಲ್ಲಿ ಕಂಪ್ಯೂಟರಿಗೆ ಸೇರ್ಸಿ ಹೊಡ್ದಿದ್ದನ್ನ ತಕ್ಷಣ ದೊಡ್ಡ ಸ್ಕ್ರೀನಲ್ಲಿ ನೋಡೋದು, ಶುರು ಮಾಡ್ದೆ.

ಪ್ರಾಬ್ಲಮ್ ಏನಂದ್ರೆ ಶುರುವಲ್ಲಿ ಚೆನ್ನಾಗೇ ಕನೆಕ್ಟ್ ಆಗುತ್ತೆ, ಹತ್ತು ಹದಿನೈದು ಶಾಟ್ ಪಟಪಟ ಅಂತ ಬರ್ತವೆ, ಆಮೇಲೆ ಇದ್ದಕ್ಕಿದ್ದಂಗೆ ಸಾಫ್ಟ್‌ವೇರಲ್ಲಿ ಕ್ಯಾಮೆರಾ ಮಾಯ. ಕೇಬಲ್ ಕಿತ್ತು ಮತ್ತೆ ಸಿಕ್ಕಿಸಿದ್ರೆ ಬರುತ್ತೆ, ಐದು ಶಾಟಿಗೆ ಮತ್ತೆ ಹೋಗುತ್ತೆ. ಒಂದೊಂದ್ಸಲ ಏನೂ ಹೊಡೀದೆ ಸುಮ್ನೆ ಲೈಟ್ ಅಡ್ಜಸ್ಟ್ ಮಾಡ್ಕೊಂಡು ಐದು ನಿಮಿಷ ಬಿಟ್ಟು ಬಂದ್ರೂ ಹೋಗಿರುತ್ತೆ. ನಿನ್ನೆ ಕ್ಲೈಂಟ್ ಹಿಂದೆ ನಿಂತು ನೋಡ್ತಿರೋವಾಗ್ಲೇ ಆರು ಸಲ ಹೋಯ್ತು, ಏಳನೇ ಸಲಕ್ಕೆ ನಾನೇ ನಾಚ್ಕೊಂಡು ಕೇಬಲ್ ಬಿಚ್ಚಿಟ್ಟು ಕಾರ್ಡಿಗೇ ಹೊಡ್ದೆ.

ಮಾಡಿ ನೋಡಿರೋದು: ಸಾಫ್ಟ್‌ವೇರ್ ತೆಗ್ದು ಮತ್ತೆ ಹಾಕ್ದೆ, ವಿಂಡೋಸ್ ಅಪ್‌ಡೇಟ್ ಮಾಡ್ದೆ, ಕ್ಯಾಮೆರಾ ಫರ್ಮ್‌ವೇರ್ ಅಪ್‌ಡೇಟ್ ಮಾಡ್ದೆ, ಕ್ಯಾಮೆರಾನೂ ಫುಲ್ ರೀಸೆಟ್ ಮಾಡ್ದೆ, ಎಲ್ಲಾ ಒಂದೇ ರಾತ್ರೀಲಿ. ಏನೂ ಬದಲಾಗ್ಲಿಲ್ಲ. ನಂಗನ್ಸೋದು ಸಾಫ್ಟ್‌ವೇರಲ್ಲೇ ಬಗ್ ಇದೆ ಅಂತ. ಬೇರೆ ಸಾಫ್ಟ್‌ವೇರಿಗೆ ಹೋಗ್ಲಾ, ಹೊಸ ಲ್ಯಾಪ್‌ಟಾಪೇ ತಗೊಂಡ್ಬಿಡ್ಲಾ?

ಎಫ್ ಎಂಟು:

ಕ್ಯಾಮೆರಾ ಯಾವ್ದು, ಕೇಬಲ್ ಎಷ್ಟುದ್ದ, ಮಧ್ಯೆ ಹಬ್ ಇದ್ಯಾ, ಯಾವ ಸಾಫ್ಟ್‌ವೇರು, ಇದ್ಯಾವ್ದೂ ಹೇಳ್ದೆ ಹೊಸ ಲ್ಯಾಪ್‌ಟಾಪ್ ತಗೊಳ್ಲಾ ಅಂದ್ರೆ ನಾವೇನ್ ಹೇಳೋದು ಗುರು. ನನ್ನ ದುಡ್ಡಲ್ಲ, ತಗೋ.

ಬೆಳಕುಗಳ್ಳ:

ಸಾರಿ ಸಾರ್, ಅವಸರದಲ್ಲಿ ಬರ್ದೆ. ಕ್ಯಾಮೆರಾ ಸೋನಿ ಎ7 ಮಾರ್ಕ್ 3, ಸಾಫ್ಟ್‌ವೇರ್ ಕ್ಯಾಪ್ಚರ್ ಒನ್, ಲ್ಯಾಪ್‌ಟಾಪ್ ವಿಂಡೋಸ್ 11. ಕೇಬಲ್ 3 ಮೀಟರಿಂದು, ಕ್ಯಾಮೆರಾ ಕಡೆ ಟೈಪ್ ಸಿ, ಇನ್ನೊಂದು ತುದಿ ಮಾಮೂಲಿ ಯುಎಸ್‌ಬಿ. ಟೇಬಲ್‌ವರೆಗೂ ಸಾಲ್ದು ಅಂತ ಅದಕ್ಕೆ 2 ಮೀಟರ್ ಎಕ್ಸ್‌ಟೆನ್ಶನ್ ಸೇರ್ಸಿದೀನಿ, ಅದು ಹೋಗಿ ಒಂದು ಹಬ್‌ಗೆ ಸೇರುತ್ತೆ, ಹಬ್‌ಗೆ ಬೇರೆ ಪವರ್ ಅಡಾಪ್ಟರ್ ಇಲ್ಲ. ಅದೇ ಹಬ್‌ಲ್ಲಿ ಪೋರ್ಟಬಲ್ ಹಾರ್ಡ್‌ಡಿಸ್ಕ್, ವೈರ್‌ಲೆಸ್ ಮೌಸ್‌ದು ರಿಸೀವರ್, ಕಾರ್ಡ್ ರೀಡರ್ ಎಲ್ಲಾ ಇದೆ. ಫೋಟೋ ನೇರ ಆ ಹಾರ್ಡ್‌ಡಿಸ್ಕಿಗೇ ಸೇವ್ ಆಗುತ್ತೆ, ಲ್ಯಾಪ್‌ಟಾಪಲ್ಲಿ ಜಾಗ ಕಮ್ಮಿ.

ಹಳೇ ಲೆನ್ಸು:

ನೀವು ಬರ್ದಿರೋ ಆ ಕೇಬಲ್ ಮೆರವಣಿಗೆ ಓದಿದ ತಕ್ಷಣ ನಂಗೆ ಅರ್ಧ ಗೊತ್ತಾಯ್ತು, ಆದ್ರೂ ಊಹೆ ಮೇಲೆ ಹೋಗೋದು ಬೇಡ. ಮೊದ್ಲು ಒಂದು ಕೆಲ್ಸ ಮಾಡಿ, ಏನನ್ನೂ ಬದಲಾಯಿಸ್ಬೇಡಿ, ಲ್ಯಾಪ್‌ಟಾಪ್ ವಾಲ್ಯೂಮ್ ಜೋರಾಗಿಟ್ಟು ಶೂಟ್ ಮಾಡಿ. ಯುಎಸ್‌ಬಿ ಸಿಕ್ಕಿಸಿದಾಗ ವಿಂಡೋಸ್ ಕೆಳಗಿಂದ ಮೇಲಕ್ಕೆ ಏರೋ ಎರಡು ಸ್ವರದ ಸದ್ದು ಮಾಡುತ್ತಲ್ಲ, ಕಿತ್ತಾಗ ಅದೇ ಮೇಲಿಂದ ಕೆಳಗಿಳಿಯುತ್ತೆ. ಕ್ಯಾಮೆರಾ ಮಾಯ ಆಗೋ ಕ್ಷಣದಲ್ಲಿ ಆ ಇಳಿಯೋ ಸದ್ದು ಬಂತಾ ಇಲ್ವಾ ಕಿವಿಗೊಟ್ಟು ಕೇಳಿ.

ಬಂತು ಅಂದ್ರೆ ವಿಂಡೋಸಿಗೇ ಕ್ಯಾಮೆರಾ ಕೈತಪ್ಪಿದೆ, ಅಂದ್ರೆ ಕೇಬಲ್ಲು, ಪೋರ್ಟು, ಹಬ್ಬು, ಪವರ್ರು ಇವುಗಳಲ್ಲಿ ಯಾವ್ದೋ ಒಂದು. ಪಾಪ ಸಾಫ್ಟ್‌ವೇರ್ ಬೈಸ್ಕೊಳ್ತಿದೆ ಅಷ್ಟೇ, ಕೋತಿ ತಾನು ತಿಂದು ಮೇಕೆ ಬಾಯಿಗೆ ಒರೆಸ್ದಂಗೆ. ಸದ್ದು ಬರ್ಲಿಲ್ಲ, ಡಿವೈಸ್ ಮ್ಯಾನೇಜರಲ್ಲಿ ಕ್ಯಾಮೆರಾ ಇನ್ನೂ ಕೂತಿದೆ, ಆದ್ರೆ ಕ್ಯಾಪ್ಚರ್ ಒನ್‌ಲ್ಲಿ ಮಾತ್ರ ಇಲ್ಲ ಅಂದ್ರೆ ಆಗ ಡ್ರೈವರು, ಸಾಫ್ಟ್‌ವೇರು, ಕ್ಯಾಮೆರಾ ಮೆನು ಕಡೆ ನೋಡ್ಬೇಕು. ಈ ಒಂದು ವಿಷ್ಯ ಗೊತ್ತಾದ್ರೆ ಅರ್ಧ ಕೆಲ್ಸ ಮುಗೀತು, ಇದು ಗೊತ್ತಾಗ್ದೆ ಏನೇ ರೀಇನ್‌ಸ್ಟಾಲ್ ಮಾಡಿದ್ರೂ ಕತ್ತಲಲ್ಲಿ ಕಲ್ಲು ಹೊಡ್ದಂಗೆ.

ಈಗ ನಿಮ್ ಕೇಬಲ್ ವಿಷ್ಯ. ಯುಎಸ್‌ಬಿ 2.0 ಕೇಬಲ್ಲಿಗೆ 5 ಮೀಟರ್ ಮಿತಿ. ಯುಎಸ್‌ಬಿ 3 ಸ್ಪೀಡಲ್ಲಿ, ಅಂದ್ರೆ 5 ಗಿಗಾಬಿಟ್, ಸಾದಾ ಕೇಬಲ್ 3 ಮೀಟರ್ ತನಕ ಸರಿಯಾಗಿ ಓಡಿದ್ರೆ ಪುಣ್ಯ. ನೀವು ಆಗ್ಲೇ ಆ ಅಂಚಲ್ಲಿ ನಿಂತಿದೀರ, ಅದರ ಮೇಲೆ 2 ಮೀಟರ್ ಎಕ್ಸ್‌ಟೆನ್ಶನ್, ಅದರ ಮೇಲೆ ಹಬ್. ಪ್ರತಿ ಜಾಯಿಂಟಲ್ಲೂ ಸಿಗ್ನಲ್ ಸ್ವಲ್ಪ ಸೋರುತ್ತೆ. ಉದ್ದ ಬೇಕೇಬೇಕು ಅಂದ್ರೆ ಆಕ್ಟಿವ್ ಎಕ್ಸ್‌ಟೆನ್ಶನ್ ಅಂತ ಬರುತ್ತೆ, ಒಳಗೆ ಸಿಗ್ನಲ್‌ನ ಮತ್ತೆ ಎತ್ತಿ ಕಳಿಸೋ ಚಿಪ್ ಇರುತ್ತೆ, ಅದು ತಗೊಳ್ಳಿ. ಸುಮ್ನೆ ಗಂಡು ಹೆಣ್ಣು ಪಿನ್ ಇರೋ ಸಾದಾ ಎಕ್ಸ್‌ಟೆನ್ಶನ್ ಟೆದರಿಂಗಿಗೆ ಬೇಡ.

ಆದ್ರೆ ನಂಗೆ ಜಾಸ್ತಿ ಅನುಮಾನ ಇರೋದು ನಿಮ್ ಹಬ್ ಮೇಲೆ. ಲ್ಯಾಪ್‌ಟಾಪಿನ ಒಂದು ಯುಎಸ್‌ಬಿ 3 ಪೋರ್ಟಿಂದ ಸ್ಟ್ಯಾಂಡರ್ಡ್ ಪ್ರಕಾರ ಸಿಗೋದು 900 ಮಿಲಿಆಂಪ್, ಯುಎಸ್‌ಬಿ 2 ಆದ್ರೆ 500. ಅಡಾಪ್ಟರ್ ಇಲ್ದಿರೋ ಹಬ್ ಅಂದ್ರೆ ಅಷ್ಟರಲ್ಲೇ ನಾಲ್ಕು ಜನ ಹಂಚ್ಕೋಬೇಕು. ಈಗ ನೀವು ಶಟರ್ ಒತ್ತಿದಾಗ ಏನಾಗುತ್ತೆ ನೋಡಿ, ಅನ್‌ಕಂಪ್ರೆಸ್ಡ್ ರಾ, ಅಂದ್ರೆ ಕುಗ್ಗಿಸ್ದೇ ಇರೋ ಕಚ್ಚಾ ಫೈಲ್, ಇಟ್ಟಿದ್ರೆ ಒಂದು ಫೈಲ್ ಹತ್ರಹತ್ರ 47 ಎಂಬಿ, ಅದು ಹಬ್ ಮೂಲಕ ಒಳಗೆ ಬರುತ್ತೆ, ಬಂದಿದ್ದು ಅದೇ ಹಬ್ ಮೂಲಕ ಹೊರಗೆ ಹೋಗಿ ಹಾರ್ಡ್‌ಡಿಸ್ಕಲ್ಲಿ ಬರೀಬೇಕು, ಡಿಸ್ಕ್ ತಿರುಗೋಕೆ ಶುರು ಮಾಡಿದ ತಕ್ಷಣ ಕರೆಂಟ್ ಎಳೆಯುತ್ತೆ, ಅದೇ ಹೊತ್ತಿಗೆ ಕ್ಯಾಮೆರಾನೂ ಯುಎಸ್‌ಬಿ ಪವರ್ ಸಪ್ಲೈ ಆನ್ ಇದ್ರೆ ಅಲ್ಲಿಂದ್ಲೇ ಹೀರ್ತಿರುತ್ತೆ. ವೋಲ್ಟೇಜ್ ಒಂದು ಕ್ಷಣ ಕುಸಿದ್ರೆ ಸಾಕು, ಕ್ಯಾಮೆರಾ ಕಡೆ ಕೈ ಬಿಟ್ಹೋಗುತ್ತೆ. ನಾಲ್ಕೈದು ಶಾಟ್ ಒಟ್ಟೊಟ್ಟಿಗೆ ಬಂದಾಗ್ಲೇ ಜಾಸ್ತಿ ಆಗ್ತಿದ್ಯಾ ಗಮನಿಸಿ.

ಹಾಗಾಗಿ ಎಕ್ಸ್‌ಟೆನ್ಶನ್ನೂ ಬೇಡ ಹಬ್ಬೂ ಬೇಡ, 3 ಮೀಟರ್ ಕೇಬಲ್ ನೇರ ಲ್ಯಾಪ್‌ಟಾಪಿಗೆ ಹಾಕಿ, ಟೇಬಲ್ಲೇ ಹತ್ರ ಎಳ್ಕೊಳ್ಳಿ. ಸೆಶನ್, ಅಂದ್ರೆ ಕ್ಯಾಪ್ಚರ್ ಒನ್ ಆ ಶೂಟಿನ ಫೋಟೋ ಇಡೋ ಫೋಲ್ಡರ್, ಲ್ಯಾಪ್‌ಟಾಪಿನ ಒಳಗಿನ ಡಿಸ್ಕಿಗೆ ಬರ್ಲಿ, ಶೂಟ್ ಮುಗಿದ ಮೇಲೆ ಹೊರಗಿನ ಡಿಸ್ಕಿಗೆ ಕಾಪಿ ಮಾಡ್ಕೊಳ್ಳಿ. ಕ್ಯಾಮೆರಾ ಮೆನುವಲ್ಲಿ ಯುಎಸ್‌ಬಿ ಕನೆಕ್ಷನ್ ಅನ್ನೋದು ಪಿಸಿ ರಿಮೋಟ್ ಇರ್ಲಿ, ಯುಎಸ್‌ಬಿ ಪವರ್ ಸಪ್ಲೈ ಆಫ್ ಇರ್ಲಿ, ಫೋನಿಂದ ಕಂಟ್ರೋಲ್ ಮಾಡೋ ಆಪ್ಷನ್ನೂ ಆಫ್. ರೀಸೆಟ್ ಬೇರೆ ಮಾಡಿದೀನಿ ಅಂದ್ರಲ್ಲ, ಇವೆಲ್ಲಾ ಹಳೇ ಜಾಗಕ್ಕೆ ಹೋಗಿರ್ತವೆ. ಒಂದ್ಸಲಕ್ಕೆ ಒಂದನ್ನೇ ಬದಲಾಯಿಸಿ, ಇಪ್ಪತ್ತು ಶಾಟ್ ಹೊಡೀರಿ, ಆಮೇಲೆ ಮುಂದಿಂದು. ಎಲ್ಲಾ ಒಂದೇ ರಾತ್ರೀಲಿ ಮಾಡಿದ್ರೆ ಸರಿಹೋದ್ರೂ ಯಾವ್ದರಿಂದ ಅಂತ ಗೊತ್ತಾಗಲ್ಲ, ಮುಂದಿನ ಸಲ ಮತ್ತೆ ಇದೇ ಗೋಳು.

ಪೆಂಗ್ವಿನ್ ಪ್ರಿಯ:

ಹಳೇ ಲೆನ್ಸು ಹೇಳಿದ್ದು ನೂರಕ್ಕೆ ನೂರು. ಮ್ಯಾಕ್, ಲಿನಕ್ಸ್ ಇರೋರೂ ಇದನ್ನ ಓದ್ತಾರೆ ಅಂತ ಸೇರಿಸ್ತಿದೀನಿ, ಅಲ್ಲಿ ಸದ್ದಿಲ್ಲ ಆದ್ರೆ ಅದಕ್ಕಿಂತ ಒಳ್ಳೇದಿದೆ. ಮ್ಯಾಕಲ್ಲಿ ಸಿಸ್ಟಮ್ ಇನ್‌ಫರ್ಮೇಶನ್ ತೆಗ್ದು ಯುಎಸ್‌ಬಿ ಅಂತ ಇರೋದನ್ನ ಒತ್ತಿದ್ರೆ ಕ್ಯಾಮೆರಾ ಹೆಸ್ರು, ಅದರ ಕೆಳಗೆ ಸ್ಪೀಡು ತೋರ್ಸುತ್ತೆ. ಅಲ್ಲಿ 480 ಮೆಗಾಬಿಟ್ ಅಂತಿದ್ರೆ ನಿಮ್ ಕ್ಯಾಮೆರಾ, ಪೋರ್ಟು ಏನೇ ಇರ್ಲಿ ಓಡ್ತಿರೋದು ಯುಎಸ್‌ಬಿ 2 ಸ್ಪೀಡಲ್ಲಿ ಅಂತ ಅರ್ಥ. ಫೋನ್ ಚಾರ್ಜರ್ ಜೊತೆ ಬರೋ ಟೈಪ್ ಸಿ ಕೇಬಲ್ ಬಹಳಷ್ಟು ಇದೇ ಜಾತಿ, ಎರಡೂ ಕಡೆ ಟೈಪ್ ಸಿ ಇದ್ದ ಮಾತ್ರಕ್ಕೆ ಫಾಸ್ಟ್ ಅಲ್ಲ. ಲಿನಕ್ಸಲ್ಲಾದ್ರೆ ಟರ್ಮಿನಲ್‌ಲ್ಲಿ ಎಲ್‌ಎಸ್‌ಯುಎಸ್‌ಬಿ ಕಮಾಂಡಿಗೆ ಹೈಫನ್ ಟಿ ಹಾಕಿದ್ರೆ ಯಾವ್ದು ಯಾವ ಹಬ್ಬಿಗೆ ನೇತಾಡ್ತಿದೆ, 480 ಅಥ್ವಾ 5000 ಎಲ್ಲಾ ಮರದ ಥರ ತೋರ್ಸುತ್ತೆ.

ಇನ್ನೊಂದು, ಕ್ಯಾಮೆರಾನ ಒಂದು ಹೊತ್ತಿಗೆ ಒಂದೇ ಪ್ರೋಗ್ರಾಮ್ ಹಿಡ್ಕೊಳ್ಳೋಕಾಗೋದು. ಲಿನಕ್ಸಲ್ಲಿ ಜಿಫೋಟೋ2 ಅಥ್ವಾ ಡಾರ್ಕ್‌ಟೇಬಲ್‌ಲ್ಲಿ ಟೆದರ್ ಮಾಡೋಕೆ ಹೋದ್ರೆ ಡಿವೈಸ್ ಕ್ಲೈಮ್ ಮಾಡೋಕಾಗ್ಲಿಲ್ಲ ಅಂತ ಎರರ್ ಬರುತ್ತಲ್ಲ, ಅದು ಯಾಕಂದ್ರೆ ಡೆಸ್ಕ್‌ಟಾಪಿನ ಫೈಲ್ ಮ್ಯಾನೇಜರ್ ನಿಮ್ಗಿಂತ ಮೊದ್ಲೇ ಕ್ಯಾಮೆರಾನ ಡ್ರೈವ್ ಥರ ಮೌಂಟ್ ಮಾಡಿ ಕೂತಿರುತ್ತೆ. ಅನ್‌ಮೌಂಟ್ ಮಾಡಿ ಶುರು ಮಾಡಿ. ಮ್ಯಾಕಲ್ಲೂ ಇದೇ ಕಥೆ, ಹಿಂದೆ ಪಿಟಿಪಿಕ್ಯಾಮೆರಾಡಿ ಅನ್ನೋ ಒಂದು ಪ್ರೋಸೆಸ್ ಕ್ಯಾಮೆರಾ ಕಂಡ ತಕ್ಷಣ ಹಾರಿ ಹಿಡ್ಕೊಳ್ಳುತ್ತೆ. ವಿಂಡೋಸಲ್ಲಿ ಕ್ಯಾಮೆರಾ ಕಂಪನಿಯವರ ಲಾಂಚರು ಸ್ಟಾರ್ಟಪ್ಪಲ್ಲಿ ಕೂತಿರುತ್ತೆ ನೋಡಿ, ಕ್ಯಾಮೆರಾ ಸಿಕ್ಕಿಸಿದ ತಕ್ಷಣ ಅದೂ ಎದ್ದು ಬರುತ್ತೆ, ಇತ್ಲಾಗೆ ನೀವು ಕ್ಯಾಪ್ಚರ್ ಒನ್ ತೆಗ್ದಿರ್ತೀರ, ಎತ್ತು ಏರಿಗೆ ಕೋಣ ನೀರಿಗೆ.

ಅಂದಹಾಗೆ ಹೆಸ್ರಲ್ಲಿ ಎನ್ ಅಂತಿರೋ ವಿಂಡೋಸ್ ಎಡಿಷನ್ ಇದ್ರೆ ಮೀಡಿಯಾ ಫೀಚರ್ ಪ್ಯಾಕ್ ಬೇರೆ ಹಾಕ್ಕೋಬೇಕು, ಅದಿಲ್ದೆ ಎಂಟಿಪಿ ಡಿವೈಸ್, ಅಂದ್ರೆ ಯುಎಸ್‌ಬಿಲಿ ಫೈಲ್ ಕಳ್ಸೋ ಫೋನು, ಕ್ಯಾಮೆರಾ ಥರದ್ದು, ಸರಿಯಾಗಿ ಬರೋದೇ ಇಲ್ಲ. ಇದನ್ನ ಕಂಡುಹಿಡಿಯೋಕೆ ನಂಗೆ ಒಂದಿಡೀ ಭಾನುವಾರ ಹೋಗಿತ್ತು.

ನೆರಳುಗಾತಿ:

ಎಲ್ರೂ ಕೇಬಲ್ ಕೇಬಲ್ ಅಂತಿದೀರ, ಕ್ಯಾಮೆರಾ ಪೋರ್ಟ್ ಕಡೆನೂ ಸ್ವಲ್ಪ ನೋಡಿ. ನಂದು ಹೋದ ವರ್ಷ ಇದೇ ಥರ ಆಗ್ತಿತ್ತು, ಕೇಬಲ್ ಮೂರು ಬದಲಾಯಿಸ್ದೆ, ಸರಿ ಹೋಗ್ಲಿಲ್ಲ. ಕೊನೆಗೆ ಒಂದಿನ ಅಕಸ್ಮಾತ್ತಾಗಿ ಟೈಪ್ ಸಿ ಪ್ಲಗ್ ತಿರುಗಿಸಿ ಹಾಕ್ದೆ, ಒಂದು ಕಡೆಯಿಂದ ಹಾಕಿದ್ರೆ ಇಡೀ ದಿನ ನಿಲ್ಲುತ್ತೆ, ತಲೆಕೆಳಗೆ ಹಾಕಿದ್ರೆ ಎರಡೇ ನಿಮಿಷ! ಟೈಪ್ ಸಿ ಯಾವ ಕಡೆ ಹಾಕಿದ್ರೂ ಕೂರುತ್ತೆ ನಿಜ, ಆದ್ರೆ ತಿರುಗಿಸಿದಾಗ ಫಾಸ್ಟ್ ಡೇಟಾ ಹೋಗೋ ಪಿನ್ನುಗಳೇ ಬೇರೆ ಆಗ್ತವೆ. ಟಾರ್ಚ್ ಬಿಟ್ಟು ಒಳಗೆ ನೋಡ್ದೆ, ಮಧ್ಯದ ನಾಲಿಗೆ ಒಂದು ಕಡೆ ವಾಲಿತ್ತು, ಅದರ ಪಕ್ಕ ಬಟ್ಟೆ ಜುಂಗು ಬೇರೆ ಗಟ್ಟಿಯಾಗಿ ಕೂತಿತ್ತು. ಜುಂಗನ್ನ ಒಣಗಿದ ಮರದ ಕಡ್ಡೀಲಿ ಹುಷಾರಾಗಿ ತೆಗ್ದೆ, ನಾಲಿಗೆ ಮಾತ್ರ ಸರ್ವೀಸಿಗೇ ಕೊಡ್ಬೇಕಾಯ್ತು.

ವಾಲಿದ್ದು ಯಾಕಂದ್ರೆ ನಾನು ಕೇಬಲ್ ಹಾಗೇ ನೇತಾಡೋಕೆ ಬಿಡ್ತಿದ್ದೆ. ಕ್ಯಾಮೆರಾ ಪೋರ್ಟ್ರೇಟ್ ಕಡೆ ತಿರುಗಿಸಿದಾಗ ಅಷ್ಟೂ ಭಾರ ಆ ಪುಟ್ಟ ಪಿನ್ ಮೇಲೆ ಬೀಳುತ್ತೆ, ಅದರ ಮೇಲೆ ಅಸಿಸ್ಟೆಂಟ್ ಕಾಲು ತಾಗಿದ್ರೆ ಮುಗೀತು. ಹಳೇ ಡಿಎಸ್‌ಎಲ್‌ಆರ್‌ಗಳಲ್ಲಿ ಅಗಲವಾದ ಮೈಕ್ರೋ ಬಿ ಪೋರ್ಟ್ ಬರ್ತಿತ್ತಲ್ಲ, ಅದಂತೂ ಇನ್ನೂ ನಾಜೂಕು. ಈಗ ಪ್ಲಗ್ಗಿಂದ ಒಂದು ಗೇಣು ಬಿಟ್ಟು ಕೇಬಲ್ನ ಸಡಿಲವಾಗಿ ಸುತ್ತು ಮಾಡಿ ಸ್ಟ್ಯಾಂಡಿನ ಪ್ಲೇಟಿಗೆ ವೆಲ್ಕ್ರೋದಲ್ಲಿ ಕಟ್ತೀನಿ, ಎಳೆತ ಎಲ್ಲಾ ಪ್ಲೇಟ್ ಮೇಲೆ ಬೀಳುತ್ತೆ, ಪೋರ್ಟ್ ಆರಾಮಾಗಿರುತ್ತೆ. ಟೆದರ್ ಕೇಬಲ್ ಕಿತ್ತಳೆ ಬಣ್ಣದಲ್ಲಿ ಮಾಡೋದು ಶೋಕಿಗಲ್ಲ, ಕತ್ತಲಲ್ಲಿ ಕಾಲಿಗೆ ಸಿಗಬಾರ್ದು ಅಂತ.

ಮೌಸ್ ರಿಸೀವರ್ ಹಬ್ಬಲ್ಲಿದೆ ಅಂದ್ರಲ್ಲ, ಯುಎಸ್‌ಬಿ 3 ಓಡ್ತಿರೋವಾಗ ಪಕ್ಕದಲ್ಲಿ 2.4 ಗಿಗಾಹರ್ಟ್ಸ್ ಹತ್ರ ಗಲಾಟೆ ಸಿಗ್ನಲ್ ಹೊರಗೆ ಬರುತ್ತೆ, ಇಂಟೆಲ್‌ನವ್ರೇ 2012ರಲ್ಲಿ ಇದರ ಬಗ್ಗೆ ಪೇಪರ್ ಬರ್ದಿದಾರೆ. ಮೌಸ್ ಎಗರೋದು ಸಾಯ್ಲಿ, ಶಟರ್ ಒತ್ತಿದಾಗ ಲೈಟಿಗೆ ಹೊಡಿ ಅಂತ ವೈರಿಲ್ದೆ ಹೇಳೋ ಫ್ಲಾಶ್ ಟ್ರಿಗರ್‌ಗಳೂ ಬಹಳಷ್ಟು ಅದೇ 2.4ರಲ್ಲಿ ಮಾತಾಡ್ತವೆ. ಟೆದರ್ ಹಾಕಿದಾಗ ಮಾತ್ರ ಒಂದು ಲೈಟ್ ಮಿಸ್ ಫೈರ್ ಆಗ್ತಿದ್ರೆ ಲೈಟ್ ಬೈಬೇಡಿ, ಟ್ರಿಗರ್ ಚಾನೆಲ್ ಬದಲಾಯಿಸಿ, ರಿಸೀವರನ್ನ ಹಬ್ಬಿಂದ ದೂರ ಇಡಿ.

ಕ್ಲಿಕ್ಕೇಶ:

ಇಷ್ಟೆಲ್ಲಾ ಯಾಕೆ ಸ್ವಾಮಿ, ವೈಫೈ ಟೆದರ್ ಮಾಡಿ, ಕೇಬಲ್ಲೇ ಇಲ್ಲ ಅಂದ್ಮೇಲೆ ಕೇಬಲ್ ಪ್ರಾಬ್ಲಮ್ ಎಲ್ಲಿ.

ಎಫ್ ಎಂಟು:

ಒಂದೊಂದು ರಾ ಫೈಲ್ 47 ಎಂಬಿ, ಅದು ವೈಫೈಲಿ ಬಂದು ತೆರೆಯೋ ಹೊತ್ತಿಗೆ ಕ್ಲೈಂಟ್ ಎದ್ದು ಹೊರಗೆ ಹೋಗಿ ಫೋನ್ ಮಾತಾಡಿ ವಾಪಸ್ ಬಂದಿರ್ತಾನೆ. ಸಣ್ಣ ಜೆಪೆಗ್ ಮಾತ್ರ ಟ್ಯಾಬ್ಲೆಟಿಗೆ ಕಳ್ಸಿ ತೋರ್ಸೋಕೆ ವೈಫೈ ಓಕೆ. ಗಾಜಿನ ಬಾಟ್ಲಿ ಅಂಚು ನೂರು ಪರ್ಸೆಂಟ್ ಜೂಮ್ ಮಾಡಿ ನೋಡ್ಬೇಕು ಅನ್ನೋರಿಗೆ ಅಲ್ಲ. ಇನ್ನೊಂದು, ಎಷ್ಟೋ ಕ್ಯಾನನ್ ಬಾಡಿಗಳಲ್ಲಿ ವೈಫೈ ಆನ್ ಇದ್ರೆ ಯುಎಸ್‌ಬಿ ಕನೆಕ್ಷನ್ನೇ ತಗೊಳ್ಳಲ್ಲ, ಕ್ಯಾನನ್ ಇರೋರು ಮೊದ್ಲು ಅದನ್ನ ನೋಡಿ. ಫ್ಯೂಜಿಯವ್ರು ಕನೆಕ್ಷನ್ ಮೋಡ್ ಕಾರ್ಡ್ ರೀಡರಲ್ಲೇ ಬಿಟ್ಟು ಕ್ಯಾಮೆರಾ ಬರ್ತಿಲ್ಲ ಅಂತ ಅಳ್ತಿರ್ತಾರೆ, ಅದು ಟೆದರ್ ಶೂಟಿಂಗ್ ಆಟೋ ಆಗ್ಬೇಕು.

ಬೆಳಕುಗಳ್ಳ:

ಅಪ್‌ಡೇಟ್. ವಾಲ್ಯೂಮ್ ಜೋರಿಟ್ಟು ಕೂತೆ. ಹದಿಮೂರನೇ ಶಾಟಿಗೆ ಕೆಳಗಿಳಿಯೋ ಸದ್ದು ಬಂತು, ಅಷ್ಟೇ ಅಲ್ಲ, ಅದರ ಹಿಂದೆನೇ ಮೌಸೂ ಸತ್ತು ಎದ್ದು ಬಂತು, ಅಂದ್ರೆ ಕ್ಯಾಮೆರಾ ಒಂದೇ ಅಲ್ಲ ಇಡೀ ಹಬ್ಬೇ ಬಿದ್ದು ಏಳ್ತಿತ್ತು! ಮೂರು ದಿನದಿಂದ ಮೌಸ್ ಎಗರ್ತಿತ್ತು, ಬ್ಯಾಟರಿ ವೀಕ್ ಅಂದ್ಕೊಂಡು ಎರಡು ಸಲ ಸೆಲ್ ಬದಲಾಯಿಸಿದ್ದೆ.

ಮೊದ್ಲು ಹಾರ್ಡ್‌ಡಿಸ್ಕ್ ಒಂದನ್ನೇ ಹಬ್ಬಿಂದ ತೆಗ್ದೆ, ಇಪ್ಪತ್ತು ಶಾಟಲ್ಲಿ ಒಂದ್ಸಲ ಮಾತ್ರ ಹೋಯ್ತು. ಆಮೇಲೆ ಹಬ್ಬನ್ನೂ ತೆಗ್ದು ಎಕ್ಸ್‌ಟೆನ್ಶನ್ ನೇರ ಲ್ಯಾಪ್‌ಟಾಪಿಗೆ, ಆಗ ಇಪ್ಪತ್ತೈದರಲ್ಲಿ ಒಂದು, ಆದ್ರೆ ಈ ಸಲ ಕೇಬಲ್ ಜಾಯಿಂಟ್ ಮುಟ್ಟಿದ ತಕ್ಷಣ. ಬೆರಳಲ್ಲಿ ಸ್ವಲ್ಪ ಅಲ್ಲಾಡಿಸಿದ್ರೆ ಸಾಕು, ಹೋಗುತ್ತೆ ಬರುತ್ತೆ. ಎಕ್ಸ್‌ಟೆನ್ಶನ್ನೂ ತೆಗ್ದು ಬರೀ 3 ಮೀಟರ್ ಕೇಬಲ್ ಹಾಕ್ದೆ, ಅರವತ್ತು ಶಾಟ್ ಹೊಡ್ದೆ, ಒಂದೂ ಹೋಗ್ಲಿಲ್ಲ. ಪ್ಲಗ್ ತಿರುಗಿಸಿನೂ ನೋಡ್ದೆ ನೆರಳುಗಾತಿ ಮೇಡಂ, ಎರಡೂ ಕಡೆ ಸರಿ ಇದೆ, ಪೋರ್ಟ್ ಬದುಕಿದೆ.

ಆದ್ರೆ ಸುಮ್ನೆ ಐದು ನಿಮಿಷ ಬಿಟ್ರೆ ಹೋಗೋದು ಮಾತ್ರ ಹಾಗೇ ಇದೆ. ಅಲ್ಲೂ ಸದ್ದು ಬರುತ್ತೆ.

ಹಳೇ ಲೆನ್ಸು:

ನೋಡಿದ್ರಾ, ಎರಡು ರೋಗ ಒಟ್ಟಿಗೆ ಇತ್ತು, ಅದಕ್ಕೇ ತಲೆ ಕೆಟ್ಟಿದ್ದು. ಶಾಟ್ ಹೊಡೀವಾಗ ಹೋಗ್ತಿದ್ದಿದ್ದು ಹಬ್ಬಿನ ಪವರ್ರು ಮತ್ತೆ ಎಕ್ಸ್‌ಟೆನ್ಶನ್, ಸುಮ್ನಿದ್ದಾಗ ಹೋಗೋದು ಪವರ್ ಸೇವಿಂಗ್. ವಿಂಡೋಸ್ ಯುಎಸ್‌ಬಿ ಪೋರ್ಟಿಗೆ ಕೆಲ್ಸ ಇಲ್ಲ ಅನ್ನಿಸಿದ್ರೆ ಮಲಗಿಸಿಬಿಡುತ್ತೆ, ಲ್ಯಾಪ್‌ಟಾಪ್ ಬ್ಯಾಟರೀಲಿದ್ರೆ ಇನ್ನೂ ಬೇಗ. ಕಂಟ್ರೋಲ್ ಪ್ಯಾನೆಲ್‌ಲ್ಲಿ ಪವರ್ ಆಪ್ಷನ್ಸ್, ಪ್ಲಾನ್ ಸೆಟ್ಟಿಂಗ್ಸ್, ಅಡ್ವಾನ್ಸ್ಡ್, ಅಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಇರುತ್ತೆ, ಡಿಸೇಬಲ್ ಮಾಡಿ. ಡಿವೈಸ್ ಮ್ಯಾನೇಜರಲ್ಲಿ ಯುಎಸ್‌ಬಿ ರೂಟ್ ಹಬ್ ಅಂತ ಇರೋ ಪ್ರತಿಯೊಂದರ ಪವರ್ ಮ್ಯಾನೇಜ್‌ಮೆಂಟಲ್ಲೂ ಪವರ್ ಉಳಿಸೋಕೆ ಇದನ್ನ ಆಫ್ ಮಾಡ್ಬಹುದು ಅನ್ನೋ ಟಿಕ್ ತೆಗೀರಿ. ಕ್ಯಾಮೆರಾದಲ್ಲೂ ಪವರ್ ಸೇವ್ ಟೈಮ್ ಅರ್ಧ ಗಂಟೆಗೆ ಏರ್ಸಿ, ಇಲ್ಲಾಂದ್ರೆ ಅದೇ ಮಲಗುತ್ತೆ. ಶೂಟ್ ದಿನ ಲ್ಯಾಪ್‌ಟಾಪ್ ಚಾರ್ಜರ್ ಹಾಕೇ ಇರ್ಲಿ, ಕ್ಯಾಮೆರಾಗೆ ಡಮ್ಮಿ ಬ್ಯಾಟರಿ, ಅಂದ್ರೆ ಬ್ಯಾಟರಿ ಜಾಗದಲ್ಲಿ ಕೂತು ಗೋಡೆ ಪ್ಲಗ್ಗಿಂದ ಕರೆಂಟ್ ಕೊಡೋದು, ಸಿಕ್ಕಿದ್ರೆ ಇನ್ನೂ ಒಳ್ಳೇದು.

ಉದ್ದದ ಕೇಬಲ್ ತಗೊಳ್ಳೋವಾಗ ಕವರ್ ಮೇಲೆ ಬರ್ದಿರೋದನ್ನ ಅಲ್ಲ, ಕೇಬಲ್ಲಿನ ಮೈಮೇಲೆ ಸಣ್ಣಕ್ಷರದಲ್ಲಿ ಅಚ್ಚಾಗಿರೋದನ್ನ ಓದಿ. ಎಡಬ್ಲ್ಯೂಜಿ ಅಂತ ನಂಬರ್ ಇರುತ್ತೆ, ನಂಬರ್ ಕಮ್ಮಿ ಇದ್ದಷ್ಟೂ ತಂತಿ ದಪ್ಪ, ಪವರ್ ತಂತಿ 28 ಇರೋ ಕೇಬಲ್ಲಿಗಿಂತ 24 ಇರೋದ್ರಲ್ಲಿ ವೋಲ್ಟೇಜ್ ಕಮ್ಮಿ ಬೀಳುತ್ತೆ.

ಬೆಳಕುಗಳ್ಳ:

ಆ ಸಸ್ಪೆಂಡ್ ಡಿಸೇಬಲ್ ಮಾಡಿ ರೂಟ್ ಹಬ್ ಟಿಕ್ಕೆಲ್ಲಾ ತೆಗ್ದು ಕ್ಯಾಮೆರಾ ಟೈಮೂ ಏರ್ಸಿದ್ಮೇಲೆ ನಲವತ್ತು ನಿಮಿಷ ಬಿಟ್ಟು ಬಂದೆ, ಮಧ್ಯೆ ಕ್ಯಾಮೆರಾ ಮಲಗಿತ್ತು ಅನ್ಸುತ್ತೆ, ಶಟರ್ ಅರ್ಧ ಒತ್ತಿದ ತಕ್ಷಣ ಎದ್ದು ಬಂತು, ಸದ್ದಿಲ್ಲ ಗಲಾಟೆ ಇಲ್ಲ. ನಿಮ್ ಕಾಲಿಗೆ ಬಿದ್ದೆ ಸಾರ್. ಇನ್ನೊಂದೇ ಡೌಟು, ಸೇವ್ ಎಲ್ಲಿ ಅಂತ ಮೆನುವಲ್ಲಿ ಪಿಸಿ ಮಾತ್ರ ಅಂತಿದೆ, ಅದನ್ನ ಹಾಗೇ ಬಿಡ್ಲಾ?

ನೆರಳುಗಾತಿ:

ಬೇಡ ಬೇಡ, ಪಿಸಿ ಪ್ಲಸ್ ಕ್ಯಾಮೆರಾ ಇಡಿ. ಸ್ವಲ್ಪ ನಿಧಾನ ಅನ್ಸ್ಬಹುದು, ಆದ್ರೆ ಪಿಸಿ ಮಾತ್ರ ಇಟ್ಟು ಟ್ರಾನ್ಸ್‌ಫರ್ ಮಧ್ಯೆ ಕೇಬಲ್ ಹೋದ್ರೆ ಆ ಶಾಟ್ ಎಲ್ಲೂ ಇರಲ್ಲ. ಬಾಟ್ಲಿ ಅಲ್ಲೇ ಕೂತಿರುತ್ತೆ ಮತ್ತೆ ಹೊಡೀಬಹುದು, ಮಗು ನಕ್ಕಿದ್ದು ಮತ್ತೆ ಬರಲ್ಲ. ಜೊತೆಗೆ ಒಂದು ಬದಲಿ ದಾರಿನೂ ರೆಡಿ ಇಟ್ಕೊಳ್ಳಿ, ಕ್ಯಾಮೆರಾ ಕಂಪನಿಯ ರಿಮೋಟ್ ಸಾಫ್ಟ್‌ವೇರಿಂದ ಒಂದು ಫೋಲ್ಡರಿಗೆ ಇಳಿಸಿ, ಆ ಫೋಲ್ಡರನ್ನ ಕ್ಯಾಪ್ಚರ್ ಒನ್‌ಲ್ಲಿ ಹಾಟ್ ಫೋಲ್ಡರ್ ಮಾಡಿ, ಅದರಲ್ಲಿ ಬಿದ್ದ ಫೋಟೋ ತಾನಾಗೇ ತೋರ್ಸುತ್ತೆ, ಲೈಟ್‌ರೂಮ್ ಕ್ಲಾಸಿಕ್ ಆದ್ರೆ ಆಟೋ ಇಂಪೋರ್ಟ್ ಅಂತ ಇದೆ, ಅದಕ್ಕೆ ಕೊಡೋ ಫೋಲ್ಡರ್ ಶುರುವಲ್ಲಿ ಖಾಲಿ ಇರ್ಬೇಕು. ಸಾಫ್ಟ್‌ವೇರ್ ಅಪ್‌ಡೇಟ್ ಆಗಿ ನೇರ ಟೆದರ್ ಕೈ ಕೊಟ್ಟ ದಿನ ಇದೇ ಕೆಲ್ಸಕ್ಕೆ ಬರೋದು.

ಬೆಳಕುಗಳ್ಳ:

ಪಿಸಿ ಪ್ಲಸ್ ಕ್ಯಾಮೆರಾ ಮಾಡ್ದೆ ಮೇಡಂ. ಇವತ್ತು ಅದೇ ಕ್ಲೈಂಟ್ ಬಂದಿದ್ರು, ಇನ್ನೂರ ಹತ್ತು ಶಾಟ್, ಒಂದ್ಸಲವೂ ಹೋಗ್ಲಿಲ್ಲ, ಕೇಬಲ್ ಸುತ್ತು ಮಾಡಿ ವೆಲ್ಕ್ರೋದಲ್ಲಿ ಕಟ್ಟಿದ್ದೆ. ಆ ಹಳೇ ಎಕ್ಸ್‌ಟೆನ್ಶನ್ ಎತ್ತಿಡೋಣ ಅಂದ್ಕೊಂಡೆ, ಆಮೇಲೆ ಕತ್ತರಿ ತಗೊಂಡು ಎರಡು ತುಂಡು ಮಾಡಿ ಬಿಸಾಕ್ದೆ, ಇಲ್ಲಾಂದ್ರೆ ಯಾವತ್ತೋ ಒಂದಿನ ಅರ್ಜೆಂಟಲ್ಲಿ ನಾನೇ ಅದನ್ನ ಹುಡುಕ್ಕೊಂಡು ಬಂದು ಸಿಕ್ಕಿಸ್ತೀನಿ.